ಬೆಕ್ಕಿನ ಕಿಂಡಿ ಎಲ್ಲಿರಬೇಕು: ಮಲ್ಲತ್ತಹಳ್ಳಿಯ ಮನೆಗಳನ್ನು ಮುಂದಿಟ್ಟುಕೊಂಡು ಒಂದು ಸಮೀಕ್ಷೆ

ಸಾಕುಬೆಕ್ಕು ಮನೆಯವರ ನೆರವಿಗೆ ಕಾಯದೆ ತಾನಾಗಿಯೇ ಒಳಹೊರಗೆ ಓಡಾಡಲೆಂದು ಬಾಗಿಲಿನ ಕೆಳಭಾಗವನ್ನು ಚೌಕವಾಗಿ ಕೊರೆದು, ಅದರ ಮೇಲಂಚಿಗೆ ಹಗುರವಾದ ಪ್ಲಾಸ್ಟಿಕ್ ಪಡಿಯೊಂದನ್ನು ತೂಗುಬಿಟ್ಟು ಮಾಡುವ ಸಾಧನ ಪೇಟೆಯಲ್ಲಿ ಕ್ಯಾಟ್ ಫ್ಲ್ಯಾಪ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಈ ಲೇಖನದಲ್ಲಿ ಕೊರೆದ ಜಾಗವನ್ನು ಬೆಕ್ಕಿನ ಕಿಂಡಿ ಎಂದೂ ಅದರಲ್ಲಿ ಅಲುಗಾಡುವ ಭಾಗವನ್ನು ತೂಗುಪಡಿ ಎಂದೂ ಕರೆಯಲಾಗಿದೆ. ಬೆಕ್ಕು ಸಾಕಿದ ಕುಟುಂಬಗಳಲ್ಲಿ ಈ ಸಾಧನದ ಮಾತು ಬಂದಾಗ ಚರ್ಚೆ ಸಾಮಾನ್ಯವಾಗಿ ಬಾಗಿಲನ್ನು ಹೇಗೆ ಕೊರೆಸುವುದು, ಎಷ್ಟು ಖರ್ಚಾದೀತು ಎಂಬಲ್ಲಿಗೇ ನಿಂತುಬಿಡುತ್ತದೆ. ಕಿಂಡಿಯ ಗುಣದೋಷಗಳಾದರೋ ಬಡಗಿಯ ಕೈಚಳಕಕ್ಕಿಂತ ಹೆಚ್ಚಾಗಿ ಅದು ಯಾವ ಜಾಗಕ್ಕೆ ತೆರೆದುಕೊಳ್ಳುತ್ತದೆ ಎಂಬುದನ್ನು ಅವಲಂಬಿಸಿವೆ; ಬೀದಿಗೆ ತೆರೆಯುವ ಕಿಂಡಿಯೂ ಜಾಲರಿ ಬಿಗಿದ ಬಾಲ್ಕನಿಗೆ ತೆರೆಯುವ ಕಿಂಡಿಯೂ ಒಂದೇ ಅಳತೆಯವಾಗಿದ್ದರೂ ಬೆಕ್ಕಿನ ಆಯುಷ್ಯದ ದೃಷ್ಟಿಯಿಂದ ಅವೆರಡಕ್ಕೂ ಬಹಳ ಅಂತರವಿದೆ. ಬೆಂಗಳೂರಿನ ಪಶ್ಚಿಮದಲ್ಲಿ, ಹಳ್ಳಿಯ ಗುರುತುಗಳನ್ನು ಇನ್ನೂ ಉಳಿಸಿಕೊಂಡು ಬಡಾವಣೆಯಾಗಿ ಬೆಳೆದಿರುವ ಮಲ್ಲತ್ತಹಳ್ಳಿಯಂಥ ಪ್ರದೇಶದಲ್ಲಿ ಈ ಅಂತರವನ್ನು ಮೊದಲು ತೂಗಿನೋಡಿ ಅನಂತರ ಬಡಗಿಯನ್ನು ಕರೆಸುವುದು ಉಚಿತ.

ಬಾಗಿಲಿನಲ್ಲಿ ಬೆಕ್ಕಿಗೆ ದಾರಿ ಬಿಡುವ ಪದ್ಧತಿ ಚಳಿದೇಶಗಳಲ್ಲಿ ಹಳೆಯದು. 14ನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್ ತನ್ನ ಗಿರಣಿಗಾರನ ಕಥೆಯಲ್ಲಿ ಬೆಕ್ಕು ನುಸುಳುವ ರಂಧ್ರವೊಂದನ್ನು ಪ್ರಸ್ತಾಪಿಸಿದ್ದಾನೆ. ಇಂಗ್ಲೆಂಡಿನ ಎಕ್ಸಿಟರ್ ನಗರದ ಕೆಥೀಡ್ರಲ್‌ನಲ್ಲಿ, ಖಗೋಳ ಗಡಿಯಾರದ ಕೆಳಗಿರುವ ಮರದ ಬಾಗಿಲಿನಲ್ಲಿ, ಬೆಕ್ಕಿಗಾಗಿ ಕೊರೆದ ದುಂಡನೆಯ ರಂಧ್ರ ಇಂದಿಗೂ ಕಾಣಸಿಗುತ್ತದೆ. ಗಡಿಯಾರದ ಯಂತ್ರಕ್ಕೆ ಸವರುತ್ತಿದ್ದ ಪ್ರಾಣಿಕೊಬ್ಬಿನ ಆಸೆಗೆ ಬರುತ್ತಿದ್ದ ಇಲಿಗಳನ್ನು ಹಿಡಿಯುವುದು ಅಲ್ಲಿನ ಬೆಕ್ಕಿನ ಕೆಲಸವಾಗಿತ್ತು, ಮತ್ತು ಬೆಕ್ಕಿನ ಹೊಟ್ಟೆಪಾಡಿಗೆಂದು ಹಣ ಕೊಟ್ಟ ಉಲ್ಲೇಖಗಳು ಆ ದೇವಾಲಯದ 14 ಮತ್ತು 15ನೆಯ ಶತಮಾನಗಳ ಲೆಕ್ಕಪತ್ರಗಳಲ್ಲಿವೆ. ಈ ಸಾಧನವನ್ನು ಕಂಡುಹಿಡಿದವನು ಐಸಾಕ್ ನ್ಯೂಟನ್ ಎಂಬ ಮಾತು ವ್ಯಾಪಕವಾಗಿ ಹರಡಿದೆ, ಆದರೆ ಚಾಸರ್ ನ್ಯೂಟನ್‌ಗಿಂತ ಸುಮಾರು ಮೂರು ಶತಮಾನ ಹಿಂದಿನವನಾದ್ದರಿಂದ ಅದನ್ನು ದಂತಕಥೆಯೆಂದೇ ಎಣಿಸಬೇಕಾಗುತ್ತದೆ. ಈ ಎಲ್ಲ ಉದಾಹರಣೆಗಳ ಹಿಂದಿರುವುದು ಒಂದೇ ಕಾರಣ: ಚಳಿಗಾಳಿಯನ್ನು ತಡೆಯಲು ಬಾಗಿಲು ಸದಾ ಮುಚ್ಚಿರಬೇಕು, ಇಲಿ ಹಿಡಿಯಲು ಬೆಕ್ಕು ಸದಾ ಓಡಾಡುತ್ತಿರಬೇಕು.

ಕನ್ನಡನಾಡಿನ ಹಳೆಯ ಮನೆಗಳಲ್ಲಿ ಈ ಎರಡನೆಯ ಅಗತ್ಯವಿತ್ತು, ಮೊದಲನೆಯದು ಇರಲಿಲ್ಲ. ಬಯಲುಸೀಮೆಯ ಮನೆಗಳಲ್ಲಿ ರಾಗಿಯನ್ನು ಗುಡಾಣದಲ್ಲೋ ನೆಲದೊಳಗಿನ ಹಗೇವಿನಲ್ಲೋ ತುಂಬಿಡುತ್ತಿದ್ದ ಕಾಲದಲ್ಲಿ ಇಲಿಯ ಕಾಟ ದೊಡ್ಡದಾಗಿತ್ತು, ಬೆಕ್ಕಿಗೆ ಮನೆಯಲ್ಲಿ ಸ್ಥಾನವಿತ್ತು. ಆದರೆ ಹಗಲೆಲ್ಲ ತೆರೆದಿರುತ್ತಿದ್ದ ತಲೆಬಾಗಿಲು, ಆಕಾಶಕ್ಕೆ ಬಾಯ್ದೆರೆದ ತೊಟ್ಟಿ, ಹಿತ್ತಿಲ ಬಾಗಿಲು, ಇವೆಲ್ಲಕ್ಕಿಂತ ಮುಖ್ಯವಾಗಿ ಗೋಡೆಯ ತಲೆಗೂ ಹೆಂಚಿಗೂ ನಡುವೆ ಉಳಿಯುತ್ತಿದ್ದ ಸಂದು ಬೆಕ್ಕಿಗೆ ಸಾಕಷ್ಟು ದಾರಿಗಳನ್ನು ಒದಗಿಸುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಾಡಿನುದ್ದಕ್ಕೂ ಹರಡಿದ ಮಂಗಳೂರು ಹೆಂಚಿನ ಮಾಡು ಕೂಡ ಈ ಸಂದನ್ನು ಮುಚ್ಚಲಿಲ್ಲ. ಅದನ್ನು ಪೂರ್ತಿಯಾಗಿ ಮುಚ್ಚಿದ್ದು ಕಾಂಕ್ರೀಟಿನ ತಾರಸಿ. ತಾರಸಿ ಮನೆಯಲ್ಲಿ ಬೆಕ್ಕಿಗೆ ಬಾಗಿಲು ಮತ್ತು ಕಿಟಕಿಗಳನ್ನು ಬಿಟ್ಟರೆ ಬೇರೆ ದಾರಿ ಇಲ್ಲವಾಯಿತು.

ಕಿಟಕಿಯ ದಾರಿಯೂ ಇತ್ತೀಚಿನ ದಶಕಗಳಲ್ಲಿ ಮುಚ್ಚುತ್ತ ಬಂದಿದೆ. ಮಲ್ಲತ್ತಹಳ್ಳಿಯ ಒಂದು ಕಡೆ ಸುಮಾರು 70 ಎಕರೆ ವಿಸ್ತಾರದ ಕೆರೆ, ಮತ್ತೊಂದು ಕಡೆ 1973ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಕುರುಚಲು ಕಾಡು ಮತ್ತು ನೆಡುತೋಪುಗಳು, ನಡುವೆ ಡಾ. ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯ, ಕಲಾಗ್ರಾಮ, ಹಾಗೂ ನಾಗರಭಾವಿ ಮತ್ತು ಉಲ್ಲಾಳದ ಕಡೆಗೆ ಹಬ್ಬಿಕೊಂಡಿರುವ ವಸತಿ ಬಡಾವಣೆಗಳು. ಇಲ್ಲಿನ ಸಾಮಾನ್ಯ ಮನೆ ಮೂವತ್ತು-ನಲವತ್ತರ ಸೈಟಿನ ಮೇಲೆ, ಅಕ್ಕಪಕ್ಕದ ಕಾಂಪೌಂಡಿಗೆ ಮೈ ತಾಗುವಂತೆ ನಿಂತಿದ್ದು, ಕೆಳಗೊಂದೆರಡು ಬಾಡಿಗೆ ಮನೆ, ಮೇಲೆ ಮಾಲೀಕರ ಮನೆ ಎಂಬ ವಿನ್ಯಾಸದಲ್ಲಿರುತ್ತದೆ. ಕಿಟಕಿಗೆ ಗ್ರಿಲ್ ಮೊದಲಿನಿಂದಲೂ ಇತ್ತು. ಅದರ ಕಂಬಿಗಳ ನಡುವೆ ಬೆಕ್ಕು ಸಲೀಸಾಗಿ ನುಸುಳುತ್ತಿತ್ತು. ಕೆರೆ ಮತ್ತು ರಾಜಕಾಲುವೆಗಳ ಸೊಳ್ಳೆಯ ಕಾಟದಿಂದ ಗ್ರಿಲ್ಲಿನ ಒಳಗೆ ಜಾಲರಿ ಬಂದಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದ್ದಾದ್ದರಿಂದ ಸಂಜೆಗೆ ಮಾತ್ರ ಕಿಟಕಿ ಮುಚ್ಚುವ ಹಳೆಯ ರೂಢಿ ಸಾಲದಾಯಿತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ಜಾಲರಿಯ ಅಗತ್ಯವನ್ನು ಮತ್ತಷ್ಟು ಗಟ್ಟಿಗೊಳಿಸಿತು. ಹೀಗೆ ಯೂರೋಪಿನಲ್ಲಿ ಚಳಿ ಮಾಡಿದ ಕೆಲಸವನ್ನು ಇಲ್ಲಿ ಸೊಳ್ಳೆ ಮಾಡಿದೆ. ಜಾಲರಿಯನ್ನು ಉಗುರಿನಿಂದ ಹರಿದು ದಾರಿ ಮಾಡಿಕೊಂಡ ಬೆಕ್ಕು ತಪ್ಪಿತಸ್ಥ ಪ್ರಾಣಿಯಲ್ಲ. ದಾರಿ ಕಳೆದುಕೊಂಡ ಪ್ರಾಣಿ.

ಕಿಂಡಿಗೆ ಯಾವ ಬಾಗಿಲು ಯೋಗ್ಯ ಎಂಬ ಪ್ರಶ್ನೆಗೆ ಹೊರದೇಶದ ಕೈಪಿಡಿಗಳು ಹಿತ್ತಿಲಿಗೆ ತೆರೆಯುವ ಬಾಗಿಲು ಎಂದು ಉತ್ತರಿಸುತ್ತವೆ. ಮಲ್ಲತ್ತಹಳ್ಳಿಯ ಮನೆಗಳಿಗೆ ಹಿತ್ತಿಲಿಲ್ಲ. ಮುಖ್ಯ ಬಾಗಿಲಿನ ವಿಷಯದಲ್ಲಿ ಹೆಚ್ಚು ಚರ್ಚೆಯ ಅಗತ್ಯವೇ ಬೀಳುವುದಿಲ್ಲ: ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸುವ, ಗೃಹಪ್ರವೇಶದ ದಿನ ತೋರಣ ಕಟ್ಟಿದ ತೇಗದ ಕದಕ್ಕೆ ಗರಗಸ ಹಾಕಲು ಬಹುತೇಕ ಮನೆಗಳು ಒಪ್ಪುವುದಿಲ್ಲ, ಮತ್ತು ಆ ಭಾವನೆಯನ್ನು ಗೌರವಿಸಬೇಕು. ಭದ್ರತೆಯ ದೃಷ್ಟಿಯಿಂದಲೂ ಅದೇ ತೀರ್ಮಾನ ಹೊರಡುತ್ತದೆ. ಬೆಕ್ಕು ದಾಟುವಷ್ಟು ಅಗಲದ ಕಿಂಡಿಯಲ್ಲಿ ಮನುಷ್ಯನ ತೋಳು ಭುಜದವರೆಗೆ ಹೋಗುತ್ತದೆ. ಇಲ್ಲಿನ ಬಾಗಿಲುಗಳಿಗೆ ಮೇಲೊಂದು ಕೆಳಗೊಂದು ಚಿಲಕ ಇರುವುದು ವಾಡಿಕೆಯಾದ್ದರಿಂದ ಕೆಳಚಿಲಕವಂತೂ ಕಿಂಡಿಯ ಪಕ್ಕದಲ್ಲೇ ಬರುತ್ತದೆ, ನಡುವಿನ ಅಡ್ಡಚಿಲಕವೂ ಒಂದು ಕೋಲಿನ ಅಳವಿಗೆ ಸಿಗುತ್ತದೆ. ಕಿಂಡಿ ಎಲ್ಲಿಯೇ ಇದ್ದರೂ ತೋಳಿನ ಅಳತೆಯೊಳಗೆ ಚಿಲಕವಾಗಲಿ ಬೀಗದ ಕೈಯಾಗಲಿ ಇರಬಾರದೆಂಬುದು ಬಡಗಿಗೆ ಮೊದಲೇ ಹೇಳಬೇಕಾದ ಮಾತು.

ಉಳಿಯುವುದು ಅಡುಗೆಮನೆಯ ಹಿಂದಿನ ಯುಟಿಲಿಟಿ, ಅಂದರೆ ಪಾತ್ರೆ ತೊಳೆಯಲು ಮತ್ತು ಬಟ್ಟೆ ಒಗೆಯುವ ಯಂತ್ರ ಇಡಲು ಬಿಟ್ಟ ಪುಟ್ಟ ಜಾಗದ ಬಾಗಿಲು, ಮತ್ತು ಬಾಲ್ಕನಿಯ ಬಾಗಿಲು. ಪರಿಶೀಲಿಸಿದಷ್ಟೂ ಇವೇ ಸರಿಯಾದ ಸ್ಥಳಗಳೆಂದು ಮನವರಿಕೆಯಾಗುತ್ತದೆ. ಯುಟಿಲಿಟಿಗೆ ಸಾಮಾನ್ಯವಾಗಿ ಮೂರು ಕಡೆ ಗೋಡೆ, ಒಂದು ಕಡೆ ಗ್ರಿಲ್ ಇರುತ್ತದೆ. ಆ ಗ್ರಿಲ್ಲಿಗೆ ವೆಲ್ಡಿಂಗ್ ಅಂಗಡಿಯಿಂದ ಒಂದು ಅಂಗುಲ ಕಣ್ಣಿನ ವೆಲ್ಡ್ ಮೆಶ್ ಹಾಕಿಸಿದರೆ ಗಾಳಿ, ಬಿಸಿಲು, ಹಕ್ಕಿಯ ನೋಟ, ಮಲವಿಸರ್ಜನೆಯ ಮರಳಿನ ತಟ್ಟೆ ಎಲ್ಲವೂ ಇರುವ ಹೊರಕೋಣೆಯೊಂದು ಬೆಕ್ಕಿಗೆ ದೊರೆಯುತ್ತದೆ. ಬಾಲ್ಕನಿಗಳಿಗೆ ಬಹಳ ಕಡೆ ಪಾರಿವಾಳದ ಬಲೆ ಕಟ್ಟಿರುತ್ತಾರೆ. ಆ ನೈಲಾನ್ ಬಲೆ ಹಕ್ಕಿಯನ್ನು ತಡೆಯಲು ಮಾಡಿದ್ದು. ಬೆಕ್ಕು ಅದನ್ನು ಹಲ್ಲಿನಿಂದ ಕಡಿದು ತೂತು ಮಾಡಬಲ್ಲದು, ಹತ್ತಿದರೆ ಅದು ಜೋಲುತ್ತದೆ, ಆದ್ದರಿಂದ ಅದನ್ನು ನಂಬಿ ಮೂರನೆಯ ಮಹಡಿಯಲ್ಲಿ ಕಿಂಡಿ ತೆರೆಯುವುದು ಅಪಾಯಕರ. ಬೆಕ್ಕು ಎತ್ತರದಿಂದ ಬಿದ್ದರೂ ಕಾಲಿನ ಮೇಲೆ ನಿಲ್ಲುತ್ತದೆ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯ ಮಾತ್ರವಿದೆ: ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪ್ರಕಟವಾದ ಪಶುವೈದ್ಯಕೀಯ ಅಧ್ಯಯನದಲ್ಲಿ ಚಿಕಿತ್ಸೆ ಪಡೆದವುಗಳಲ್ಲಿ ಹೆಚ್ಚಿನವು ಬದುಕಿದ್ದು ನಿಜವಾದರೂ ಎದೆಯ ಪೆಟ್ಟು, ಮುಖದ ಗಾಯ, ಕಾಲಿನ ಮೂಳೆ ಮುರಿತಗಳು ಸಾಮಾನ್ಯವಾಗಿದ್ದವು.

ಕೊರೆಯುವ ಕೆಲಸ ಬಾಗಿಲಿನ ವಸ್ತುವನ್ನು ಅವಲಂಬಿಸಿ ಬದಲಾಗುತ್ತದೆ. ಚೌಕಟ್ಟುಪಟ್ಟಿಗಳ ನಡುವೆ ಹಲಗೆ ಕೂಡಿಸಿದ ಮರದ ಕದವಾದರೆ ಪಟ್ಟಿಗಳನ್ನು ಮುಟ್ಟದೆ ಕೆಳಗಿನ ಹಲಗೆಯನ್ನು ಮಾತ್ರ ಕೊರೆಯಬೇಕು, ಏಕೆಂದರೆ ಕದದ ಬಲವೆಲ್ಲ ಪಟ್ಟಿಗಳಲ್ಲಿದೆ. ಇಂದಿನ ಒಳಬಾಗಿಲುಗಳಲ್ಲಿ ಬಹುಪಾಲು ಫ್ಲಶ್ ಡೋರ್‌ಗಳು, ಅಂದರೆ ಎರಡು ತೆಳು ಪ್ಲೈವುಡ್ ಹಾಳೆಗಳ ನಡುವೆ ಮರದ ತುಂಡುಗಳನ್ನೋ ಟೊಳ್ಳು ಜಾಲವನ್ನೋ ಇಟ್ಟು ಒತ್ತಿದ ಕದಗಳು. ಒಳಗೆ ಟೊಳ್ಳಿದ್ದರೆ ಕೊರೆದ ಅಂಚಿನೊಳಗೆ ನಾಲ್ಕೂ ಕಡೆ ಮರದ ರೀಪು ಕೂಡಿಸಿ ಸ್ಕ್ರೂಗಳಿಗೆ ಹಿಡಿತ ಒದಗಿಸಬೇಕು, ಕಚ್ಚಾ ಅಂಚಿಗೆ ನೀರು ಇಳಿಯದಂತೆ ವಾರ್ನಿಷನ್ನೋ ಬಣ್ಣವನ್ನೋ ಬಳಿಯಬೇಕು. ಯುಟಿಲಿಟಿಯಲ್ಲಿ ದಿನವೂ ನೀರು ಚೆಲ್ಲುವುದರಿಂದ ಇದನ್ನು ಕಡೆಗಣಿಸಿದರೆ ಒಂದೆರಡು ಮಳೆಗಾಲದಲ್ಲೇ ಪ್ಲೈವುಡ್ ಬಿರಿಯುತ್ತದೆ. ತಗಡಿನ ಬಾಗಿಲನ್ನು ಗ್ರೈಂಡರಿನಿಂದ ಕತ್ತರಿಸಿ ಅಂಚಿಗೆ ತುಕ್ಕುನಿರೋಧಕ ಬಳಿಯಬಹುದು. ಗಾಜಿನ ಬಾಗಿಲಿನ ವಿಷಯದಲ್ಲಿ ಎಚ್ಚರ ಬೇಕು: ಬಾಲ್ಕನಿಯ ಜಾರುಬಾಗಿಲುಗಳಿಗೆ ಹಾಕುವ ಟಫನ್ಡ್ ಗಾಜು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಬಲಪಡಿಸಿದ ಗಾಜನ್ನು ಆಮೇಲೆ ಕೊರೆಯಲು ಹೋದರೆ ಇಡೀ ಹಾಳೆ ಪುಡಿಪುಡಿಯಾಗುತ್ತದೆ; ತಯಾರಿಕೆಯ ಹಂತದಲ್ಲೇ ರಂಧ್ರವಿಟ್ಟ ಹೊಸ ಹಾಳೆಯನ್ನು ಮಾಡಿಸುವುದೊಂದೇ ದಾರಿ. ಇವೆಲ್ಲಕ್ಕಿಂತ ಸುಲಭವಾದದ್ದು ಸೊಳ್ಳೆ ಜಾಲರಿಯ ಬಾಗಿಲು. ಅಲ್ಯೂಮಿನಿಯಂ ಚೌಕಟ್ಟಿನ ಕೆಳಭಾಗದಲ್ಲಿ ಒಂದಡಿ ಎತ್ತರದ ಹಾಳೆ ಕೂಡಿಸಿ ಅದರಲ್ಲಿ ಕಿಂಡಿ ಇಟ್ಟರೆ ಮರದ ಕದಕ್ಕೆ ಕೈ ಹಚ್ಚುವ ಪ್ರಸಂಗವೇ ಬರುವುದಿಲ್ಲ, ಮತ್ತು ರಾತ್ರಿ ಮರದ ಕದವನ್ನು ಮುಚ್ಚಿದರೆ ಕಿಂಡಿಯೂ ತಾನಾಗಿ ಮುಚ್ಚಿದಂತಾಗುತ್ತದೆ. ಈ ಪ್ರದೇಶದ ಮನೆಗಳಿಗೆ ಇದಕ್ಕಿಂತ ಒಗ್ಗುವ ಏರ್ಪಾಡು ಮತ್ತೊಂದು ಕಾಣುವುದಿಲ್ಲ.

ಅಳತೆಯ ವಿಷಯ ಸರಳ. ಬೆಕ್ಕು ತಲೆ ತಗ್ಗಿಸಿ, ಎದೆ ದಾಟಿಸಿ, ಆಮೇಲೆ ಹಿಂಗಾಲನ್ನು ಎತ್ತಿ ಕಿಂಡಿಯನ್ನು ದಾಟುವುದರಿಂದ ಕಿಂಡಿಯ ಕೆಳಅಂಚು ನಿಂತ ಬೆಕ್ಕಿನ ಹೊಟ್ಟೆಯ ಮಟ್ಟಕ್ಕಿರಬೇಕು; ಬೆಳೆದ ಬೆಕ್ಕಿಗೆ ಇದು ನೆಲದಿಂದ ಸುಮಾರು 10ರಿಂದ 15 ಸೆಂ.ಮೀ. ಆಗುತ್ತದೆ. ಹೊರಗಿನ ನೆಲ ಒಳಗಿನದಕ್ಕಿಂತ ತಗ್ಗಿನಲ್ಲಿದ್ದರೆ, ಯುಟಿಲಿಟಿಗಳಲ್ಲಿ ನೀರು ಹರಿಯಲೆಂದು ಹೀಗೆ ಮಾಡಿರುವುದೇ ಹೆಚ್ಚು, ಆ ಕಡೆಗೊಂದು ಇಟ್ಟಿಗೆಯನ್ನೋ ಹಲಗೆಯನ್ನೋ ಮೆಟ್ಟಿಲಾಗಿ ಇಡಬೇಕು, ಇಲ್ಲದಿದ್ದರೆ ವಯಸ್ಸಾದ ಅಥವಾ ಗರ್ಭಿಣಿ ಬೆಕ್ಕು ಕಿಂಡಿಯನ್ನು ಬಿಟ್ಟುಬಿಡುತ್ತದೆ. ಸಾಧನದ ಜೊತೆಗೆ ಬರುವ ಕಾಗದದ ನಮೂನೆಯನ್ನು ಕದಕ್ಕೆ ಅಂಟಿಸಿ, ನಾಲ್ಕು ಮೂಲೆಗೆ ಡ್ರಿಲ್ಲಿನಿಂದ ತೂತು ಹಾಕಿ, ಆ ತೂತುಗಳ ನಡುವೆ ಜಿಗ್ಸಾ ಗರಗಸ ಓಡಿಸುವುದು ಬಡಗಿಗೆ ಅರ್ಧ ದಿನದ ಕೆಲಸವೂ ಅಲ್ಲ.

ಬೆಕ್ಕಿಗೆಂದು ಬಿಟ್ಟ ದಾರಿಯಲ್ಲಿ ಬೇರೆ ಯಾರು ಬರುತ್ತಾರೆ ಎಂಬುದು ಈ ಊರಿನಲ್ಲಿ ಗಂಭೀರ ಪ್ರಶ್ನೆ. ನೆಲಮಹಡಿಯಲ್ಲಿ, ಚರಂಡಿಯ ಹತ್ತಿರ, ತಳ್ಳಿದರೆ ತೆರೆಯುವ ಯಾವ ಪಡಿಯೂ ಹೆಗ್ಗಣಕ್ಕೆ ಅಡ್ಡಿಯಲ್ಲ. ಇಲಿ ಹೆಗ್ಗಣಗಳ ಜಾಡು ಹಿಡಿದು ಕೇರೆ ಹಾವು, ಕೆಲವೊಮ್ಮೆ ನಾಗರಹಾವು ಬರುವುದು ಕೆರೆಯಂಚಿನ, ಕುರುಚಲು ಕಾಡಿಗೆ ಹೊಂದಿಕೊಂಡ ಬಡಾವಣೆಗಳಲ್ಲಿ ನಿರೀಕ್ಷಿಸಬೇಕಾದದ್ದೇ. ಆದರೂ ಅತಿ ಹೆಚ್ಚು ತೊಂದರೆ ಕೊಡುವ ಅತಿಥಿ ಇನ್ನೊಂದು ಬೆಕ್ಕು. ಬೆಕ್ಕು ತನ್ನ ನೆಲೆಯನ್ನು ವಾಸನೆಯಿಂದ ಗುರುತಿಸಿಕೊಳ್ಳುವ ಪ್ರಾಣಿ. ಕೆನ್ನೆ ಉಜ್ಜಿ, ಉಗುರು ಕೆರೆದು ಅದು ಮನೆಯೊಳಗೆ ಹರಡಿದ ವಾಸನೆಯ ನಡುವೆ ಪರಕೀಯ ಗಂಡುಬೆಕ್ಕು ಬಂದು ಊಟದ ತಟ್ಟೆಗೆ ಬಾಯಿ ಹಾಕಿ, ಗೋಡೆಗೆ ಮೂತ್ರ ಚಿಮ್ಮಿಸಿ ಹೋದರೆ ಮನೆಯ ಬೆಕ್ಕಿಗೆ ತನ್ನ ಮನೆಯೇ ಭಯದ ಸ್ಥಳವಾಗುತ್ತದೆ. ಅದು ಸೋಫಾದ ಮೇಲೆ, ಹಾಸಿಗೆಯ ಮೇಲೆ ಮೂತ್ರ ಮಾಡತೊಡಗಿದಾಗ ಮನೆಯವರು ಅದರ ಬುದ್ಧಿ ಕೆಟ್ಟಿತೆಂದು ಹೊಡೆಯುವುದುಂಟು. ಹೊಡೆಯುವುದರಿಂದ ಭಯ ಹೆಚ್ಚುತ್ತದೆಯೇ ಹೊರತು ಕಿಂಡಿಯಿಂದ ಬರುವವನು ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದವು ಬೀಗದ ಕಿಂಡಿಗಳು. ಸಾಮಾನ್ಯ ಮಾದರಿಯಲ್ಲಿ ನಾಲ್ಕು ಸ್ಥಿತಿಯ ತಿರುಗಣೆ ಇರುತ್ತದೆ: ಒಳಗೆ ಮಾತ್ರ, ಹೊರಗೆ ಮಾತ್ರ, ಎರಡೂ ಕಡೆ, ಪೂರ್ತಿ ಬಂದ್. ಕೊರಳಪಟ್ಟಿಗೆ ಅಯಸ್ಕಾಂತ ಕಟ್ಟಿದ ಬೆಕ್ಕಿಗೆ ಮಾತ್ರ ತೆರೆಯುವ ಮಾದರಿ ಅದರ ಮುಂದಿನದು. ಆದರೆ ಅಯಸ್ಕಾಂತವುಳ್ಳ ಬೇರೆ ಬೆಕ್ಕೂ ಬರಬಹುದು, ಕೊರಳಪಟ್ಟಿ ಬಿದ್ದುಹೋದರೆ ಮನೆಯ ಬೆಕ್ಕೇ ಹೊರಗುಳಿಯಬಹುದು. ಈಗಿನ ಉತ್ತಮ ಮಾದರಿಗಳು ಮೈಕ್ರೋಚಿಪ್ ಓದುತ್ತವೆ. ಪಶುವೈದ್ಯರು ಬೆಕ್ಕಿನ ಎರಡು ಹೆಗಲೆಲುಬುಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಸೇರಿಸುವ, ಅಕ್ಕಿಕಾಳಿನಷ್ಟು ದೊಡ್ಡದಾದ ಈ ಚಿಪ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಓದುಗಯಂತ್ರ ಹೊರಡಿಸುವ 134.2 ಕಿಲೋಹರ್ಟ್ಸ್ ಅಲೆಯಿಂದಲೇ ಶಕ್ತಿ ಪಡೆದು ಅದು ತನ್ನ 15 ಅಂಕಿಗಳ ಸಂಖ್ಯೆಯನ್ನು ತಿಳಿಸುತ್ತದೆ. ಕಿಂಡಿ ಆ ಸಂಖ್ಯೆಯನ್ನು ನೆನಪಿಟ್ಟುಕೊಂಡು ಪರಿಚಿತ ಬೆಕ್ಕಿಗೆ ಮಾತ್ರ ಕೊಂಡಿ ಬಿಡಿಸುತ್ತದೆ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕುಬೆಕ್ಕುಗಳಿಗೆ ಚಿಪ್ ಕಡ್ಡಾಯವಾಗಿದೆ. ಬೆಂಗಳೂರಿನಲ್ಲಿ ಚಿಪ್ ಹಾಕಿಸುವುದು ಮಾಲೀಕರ ಇಚ್ಛೆಗೆ ಬಿಟ್ಟದ್ದಾದರೂ, ಕಳೆದುಹೋದ ಬೆಕ್ಕನ್ನು ಗುರುತಿಸಲು ಅದು ನೆರವಾಗುವುದರಿಂದ ಕಿಂಡಿ ಇಡಿಸದವರೂ ಹಾಕಿಸುವುದು ಒಳ್ಳೆಯದು. ತಗಡಿನ ಬಾಗಿಲು ರೇಡಿಯೊ ಅಲೆಗೆ ಅಡ್ಡಿಯಾಗುವುದರಿಂದ ಅಲ್ಲಿ ಕಿಂಡಿಯ ಸುತ್ತ ಮರದ ಅಥವಾ ಪ್ಲಾಸ್ಟಿಕ್ಕಿನ ಅಗಲ ಪಟ್ಟಿ ಬೇಕಾಗುತ್ತದೆ.

ಯಂತ್ರ ಎಷ್ಟೇ ಜಾಣವಾಗಿದ್ದರೂ ಅದು ಹೊರಹೋದ ಬೆಕ್ಕನ್ನು ಕಾಯಲಾರದು. 2023ರಲ್ಲಿ ಬಿಬಿಎಂಪಿ ನಡೆಸಿದ ಸಮೀಕ್ಷೆ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ ಎಂದು ಅಂದಾಜಿಸಿತು. ಬೆಕ್ಕು ಹೆಚ್ಚು ಚಟುವಟಿಕೆಯಿಂದಿರುವ ಮುಂಜಾವು ಮತ್ತು ಮುಸ್ಸಂಜೆಗಳು ನಾಯಿಗಳ ಗುಂಪು ಬೀದಿಯಲ್ಲಿ ಓಡಾಡುವ ಸಮಯವೂ ಹೌದು. ಹೊರವರ್ತುಲ ರಸ್ತೆಯ ಕಡೆಗೆ ಹೋಗುವ ವಾಹನಗಳು, ಇಲಿಪಾಷಾಣ ತಿಂದು ಅರೆಜೀವವಾದ ಇಲಿಗಳು, ಮುಚ್ಚಳವಿಲ್ಲದ ಸಂಪುಗಳು ಇದರ ಜೊತೆಗೆ ಸೇರುತ್ತವೆ. ಬೆಕ್ಕಿನಿಂದ ಇತರ ಜೀವಿಗಳಿಗಾಗುವ ಹಾನಿಯನ್ನೂ ಇದೇ ತಕ್ಕಡಿಯಲ್ಲಿ ಇಡಬೇಕು. ಅಮೆರಿಕದ ಬೆಕ್ಕುಗಳು ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಧ್ಯಯನವೊಂದು ಲೆಕ್ಕ ಹಾಕಿತು. ಅದರಲ್ಲಿ ದೊಡ್ಡ ಪಾಲು ಒಡೆಯರಿಲ್ಲದ ಬೆಕ್ಕುಗಳದ್ದು. ಆಸ್ಟ್ರೇಲಿಯಾದ ರಾಜಧಾನಿ ಪ್ರಾಂತ್ಯದಲ್ಲಿ 2022ರ ಜುಲೈ 1ರ ನಂತರ ಹುಟ್ಟಿದ ಸಾಕುಬೆಕ್ಕುಗಳು ಮಾಲೀಕರ ಆವರಣದೊಳಗೇ ಇರಬೇಕೆಂದು ಕಾನೂನು ಹೇಳುತ್ತದೆ. ಜ್ಞಾನಭಾರತಿಯ ಮರಗಿಡಗಳಲ್ಲಿ, ಕೆರೆಯ ದಂಡೆಯಲ್ಲಿ ಇನ್ನೂ ಉಳಿದಿರುವ ಸೂರಕ್ಕಿ, ಅಳಿಲು, ಓತಿಕ್ಯಾತಗಳಿಗೆ ಕಾನೂನಿನ ಅಂಥ ಆಸರೆ ಇಲ್ಲದ್ದರಿಂದ ಆ ಹೊಣೆ ಬೆಕ್ಕು ಸಾಕಿದವರ ಮೇಲೇ ಬೀಳುತ್ತದೆ. ಪೆಟ್ಟು ತಿಂದ ಹಕ್ಕಿ, ಅಳಿಲು, ಹಾವುಗಳಿಗೆ ಚಿಕಿತ್ಸೆ ಕೊಡುವ ವನ್ಯಜೀವಿ ಆಸ್ಪತ್ರೆಯನ್ನು ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆ ಕೆಂಗೇರಿಯ ಬಳಿ ಉತ್ತರಹಳ್ಳಿ ರಸ್ತೆಯಲ್ಲಿ ನಡೆಸುತ್ತಿದೆ ಎಂಬುದು ಈ ಭಾಗದವರಿಗೆ ತಿಳಿದಿರಬೇಕಾದ ಸಂಗತಿ.

ಬೀದಿಗೆ ಕಿಂಡಿ ಬಿಡಲೇಬೇಕೆಂದು ನಿರ್ಧರಿಸಿದವರಿಗೆ ಒಂದು ಷರತ್ತನ್ನಂತೂ ಸಡಿಲಿಸುವಂತಿಲ್ಲ: ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮೊದಲು, ಕಿಂಡಿ ಆಮೇಲೆ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು, ಸುಮಾರು ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ; ಒಂದು ಕಿಂಡಿ ಒಂದೇ ವರ್ಷದಲ್ಲಿ ಬೀದಿಗೆ ಹತ್ತಾರು ಮರಿಗಳನ್ನು ಸೇರಿಸಬಹುದು. ರೇಬೀಸ್ ಲಸಿಕೆಯ ಜೊತೆಗೆ ಬೆಕ್ಕುಗಳ ಪ್ರಾಣಾಂತಕ ವಾಂತಿಭೇದಿ ರೋಗವಾದ ಪ್ಯಾನ್‌ಲ್ಯೂಕೋಪೀನಿಯಾ ಮತ್ತು ಎರಡು ಬಗೆಯ ಉಸಿರಾಟದ ಸೋಂಕುಗಳನ್ನು ತಡೆಯುವ ತ್ರಿವಳಿ ಲಸಿಕೆಯನ್ನು ಹಾಕಿಸಬೇಕು. ಸಾಕುಪ್ರಾಣಿಯ ಜಂತುನಾಶಕ, ಲಸಿಕೆ ಮತ್ತು ಸಂತಾನಹರಣದ ಹೊಣೆ ಒಡೆಯನದ್ದೇ ಎಂದು ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ.

ಬಾಡಿಗೆ ಮನೆಯ ಪ್ರಶ್ನೆಗೆ ಪ್ರತ್ಯೇಕ ಗಮನ ಬೇಕು, ಏಕೆಂದರೆ ಮಲ್ಲತ್ತಹಳ್ಳಿ ಮತ್ತು ನಾಗರಭಾವಿಯಲ್ಲಿ ವಿದ್ಯಾರ್ಥಿಗಳೂ ಹೊಸ ಸಂಸಾರಗಳೂ ಬಾಡಿಗೆಗಿರುವುದು ಹೆಚ್ಚು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಂತೆ ಬಾಡಿಗೆದಾರ ಸಹಜ ಸವೆತವನ್ನು ಬಿಟ್ಟು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಒಪ್ಪಿಗೆಯಿಲ್ಲದೆ ಕದ ಕೊರೆದರೆ ಅಡ್ವಾನ್ಸ್ ಹಣದಲ್ಲಿ ಅದರ ಬೆಲೆ ಮುರಿದುಕೊಳ್ಳಲು ಮಾಲೀಕನಿಗೆ ನ್ಯಾಯವಾದ ಕಾರಣವಿರುತ್ತದೆ. ಮಾಲೀಕರ ಒಪ್ಪಿಗೆ ಪಡೆದು, ಹಲಗೆಯ ಕದವಾದರೆ ಮೂಲ ಹಲಗೆಯನ್ನು ಬಿಚ್ಚಿ ಜೋಪಾನವಾಗಿಟ್ಟು, ಅದೇ ಅಳತೆಯ ಅಗ್ಗದ ಪ್ಲೈವುಡ್ ಹಲಗೆಯಲ್ಲಿ ಕಿಂಡಿ ಕೂಡಿಸುವುದು ಇಬ್ಬರಿಗೂ ಹಿತವಾದ ಮಾರ್ಗ. ಅಪಾರ್ಟ್‌ಮೆಂಟುಗಳಲ್ಲಿ ಸಂಘದ ನಿಯಮಗಳನ್ನು ನೋಡಬೇಕು. ಮೆಟ್ಟಿಲ ಹಾದಿಗೆ ತೆರೆಯುವ ಬಾಗಿಲು ಅಗ್ನಿನಿರೋಧಕವಾಗಿದ್ದರೆ, ಅಂದರೆ ನಿಗದಿತ ಹೊತ್ತಿನವರೆಗೆ ಬೆಂಕಿ ಮತ್ತು ಹೊಗೆಯನ್ನು ತಡೆಯುವಂತೆ ಮಾಡಿದ್ದರೆ, ಅದರಲ್ಲಿ ಕೊರೆಯುವ ಯಾವ ರಂಧ್ರವೂ ನೆರೆಯವರ ಪ್ರಾಣಕ್ಕೆ ಸಂಬಂಧಿಸಿದ್ದಾಗುತ್ತದೆ. ಓದು ಮುಗಿಸಿ ಊರಿಗೆ ಹೊರಟವರು ಬೆಕ್ಕು ಹೇಗೂ ಬೀದಿಗೆ ಒಗ್ಗಿದೆಯೆಂದು ಬಿಟ್ಟು ಹೋಗುವುದಕ್ಕೆ ಕಿಂಡಿ ನೆಪವಾಗಬಾರದು. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಅಪರಾಧ.

ಕಿಂಡಿ ಕೂಡಿಸಿದ ದಿನವೇ ಬೆಕ್ಕು ಅದನ್ನು ಬಳಸುತ್ತದೆಂದು ನಿರೀಕ್ಷಿಸಬಾರದು. ಮೊದಲು ತೂಗುಪಡಿಯನ್ನು ಪೂರ್ತಿ ಎತ್ತಿ ದಾರದಿಂದ ಕಟ್ಟಿ ಬರಿಯ ರಂಧ್ರವನ್ನು ಪರಿಚಯಿಸಿ, ಆ ಬದಿಯಲ್ಲಿ ಒಂದಿಷ್ಟು ಮೀನಿನ ಚೂರಿಟ್ಟು ಕರೆದು, ಕೆಲವು ದಿನ ಕಳೆದ ಮೇಲೆ ಪಡಿಯನ್ನು ಅರ್ಧಕ್ಕೆ ಇಳಿಸಿ, ಕೊನೆಗೆ ಪೂರ್ತಿ ಬಿಡಬೇಕು. ಬೆಕ್ಕನ್ನು ಹಿಡಿದು ಒಳಗೆ ತೂರಿಸಿದರೆ ಅದು ಮತ್ತೆಂದೂ ಆ ಕಡೆ ಸುಳಿಯದಿರಬಹುದು. ಕೊಂಡಿ ಬಿಡಿಸುವಾಗ ಆಗುವ ಕ್ಲಿಕ್ ಸದ್ದಿಗೂ ಕೆಲವು ಬೆಕ್ಕುಗಳು ಬೆದರುತ್ತವೆ, ಅಂಥವಕ್ಕೆ ವಾರಗಟ್ಟಲೆ ಕಾಲಾವಕಾಶ ಕೊಡಬೇಕಾಗುತ್ತದೆ. ರಾತ್ರಿಯ ಊಟವನ್ನು ಮುಸ್ಸಂಜೆಗೆ ಮುಂಚೆಯೇ ನಿಗದಿಪಡಿಸಿ, ಬೆಕ್ಕು ಉಣ್ಣಲು ಒಳಬಂದ ಕೂಡಲೇ ಕಿಂಡಿಯನ್ನು ‘ಒಳಗೆ ಮಾತ್ರ’ ಸ್ಥಿತಿಗೆ ತಿರುಗಿಸುವ ಅಭ್ಯಾಸ ಮಾಡಿಕೊಂಡರೆ ರಾತ್ರಿಯ ಅಪಾಯಗಳು ಬಹುಮಟ್ಟಿಗೆ ತಪ್ಪುತ್ತವೆ. ಮನೆ ಬದಲಿಸಿದಾಗಲಂತೂ, ಹೊಸ ಮನೆಯಲ್ಲಿ ಕಿಂಡಿ ಮೊದಲೇ ಸಿದ್ಧವಾಗಿದ್ದರೂ, ಬೆಕ್ಕು ಹಳೆಯ ಮನೆಯನ್ನು ಹುಡುಕಿಕೊಂಡು ಹೊರಟುಬಿಡುವುದರಿಂದ ಎರಡು ಮೂರು ವಾರಗಳವರೆಗೆ ಅದನ್ನು ತೆರೆಯಬಾರದು.